ದಿನವೂ ಮೈಮೇಲೆ ಒಯ್ಯುವ ಸಣ್ಣ ಪಿಸ್ತೂಲನ್ನು ಆರಿಸುವ ಬಗೆ: ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗಾಗಿ

ಅಮೆರಿಕದ ಬಂದೂಕಿನಂಗಡಿಯ ಗಾಜಿನ ಕಪಾಟಿನ ಮುಂದೆ ಮೊದಲ ಸಲ ನಿಂತವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು? ಅಂಗಿಯ ಕೆಳಗೆ ಕಾಣದಂತೆ ದಿನವಿಡೀ ಇಟ್ಟುಕೊಳ್ಳಬೇಕಾದ ವಸ್ತುವಿನ ಬಗ್ಗೆ ಆ ಪ್ರಶ್ನೆ ಏಳುವುದು ಸಹಜ. ಟೆಕ್ಸಾಸಿನಲ್ಲಿ ನೆಲೆಸಿದ ಮೇಲೆ ನಾನೂ ಅದನ್ನೇ ಕೇಳಿ, ಅಂಗೈಯಲ್ಲಿ ಅಡಗುವಂಥ, .380 ಅಳತೆಯ ಗುಂಡಿನ ಪಿಸ್ತೂಲೊಂದನ್ನು ಕೊಂಡೆ. ಮೊದಲ ದಿನದ ಅಭ್ಯಾಸದಲ್ಲಿ ಐವತ್ತು ಗುಂಡು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಗಾಗಿ ಉರಿಯತೊಡಗಿತು. ಆಮೇಲೆ ಮೂರು ತಿಂಗಳು ಅದನ್ನು ಅಭ್ಯಾಸಕ್ಕೆ ಒಯ್ಯಲು ಮನಸ್ಸೇ ಬರಲಿಲ್ಲ. ಅಭ್ಯಾಸವಿಲ್ಲದ ಆಯುಧವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿ ಬೀದಿಗಳಲ್ಲಿ ತಿರುಗುವುದು ನನಗೂ ಸುತ್ತಲಿನವರಿಗೂ ಅಪಾಯವೆಂದು ಮನದಟ್ಟಾದಾಗ ಅದನ್ನು ಮಾರಿಬಿಟ್ಟೆ. ಚಿಕ್ಕದಾದಷ್ಟೂ ಒಯ್ಯಲು ಸುಲಭ, ಹಾರಿಸಲು ಕಷ್ಟ. ಈ ಎರಡರ ನಡುವೆ ನಿಮ್ಮ ಕೈಗೆ, ಉಡುಪಿಗೆ, ಮನೆಗೆ ಒಗ್ಗುವ ಜಾಗವನ್ನು ಹುಡುಕುವುದೇ ಆಯ್ಕೆಯ ಕೆಲಸ. ಆದರೆ ಅಂಗಡಿಗೆ ಕಾಲಿಡುವ ಮುನ್ನ ನಮ್ಮವರು ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿ ಬೇರೆಯೇ ಇದೆ.

ಮೊದಲು ವೀಸಾ, ಆಮೇಲೆ ಪಿಸ್ತೂಲು

ಅಮೆರಿಕದ ಫೆಡರಲ್ ಕಾನೂನಿನ 18ನೇ ಶೀರ್ಷಿಕೆಯ 922ನೇ ಕಲಮಿನ ಪ್ರಕಾರ, ವಲಸೆಯೇತರ ವೀಸಾದ ಮೇಲೆ ದೇಶದೊಳಕ್ಕೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಎಚ್-1ಬಿ, ಎಚ್-4, ಎಲ್-1, ವಿದ್ಯಾರ್ಥಿಗಳ ಎಫ್-1, ಪ್ರವಾಸಿಗಳ ಬಿ-2 ಎಲ್ಲವೂ ಈ ನಿಷೇಧದೊಳಗೆ ಬರುತ್ತವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಹೊಂದಿರುವವರಿಗೆ ಇರುವ ವಿನಾಯಿತಿಯೂ ಸೇರಿ ಕೆಲವು ವಿನಾಯಿತಿಗಳು ಕಾನೂನಿನಲ್ಲಿವೆ. ಆದರೆ ಅವುಗಳ ಅನ್ವಯವನ್ನು ವಕೀಲರಿಂದ ತಿಳಿದುಕೊಳ್ಳದೆ ಊಹೆಯ ಮೇಲೆ ನಡೆಯುವುದು ತರವಲ್ಲ. ಈ ನಿಷೇಧವನ್ನು ಮೀರಿದವರಿಗೆ 2022ರ ತಿದ್ದುಪಡಿಯ ನಂತರ 15 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ, ಅದರ ಜೊತೆಗೆ ದೇಶದಿಂದ ಹೊರಹಾಕಿಸಿಕೊಳ್ಳುವ ಅಪಾಯವೂ ಇದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಫೀಸಿನ ಸ್ನೇಹಿತರ ಜೊತೆ ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿಗೆ ಹೋಗಿ, ಅಲ್ಲಿಯ ಪಿಸ್ತೂಲನ್ನು ಬಾಡಿಗೆಗೆ ಪಡೆದು ನಾಲ್ಕು ಗುಂಡು ಹಾರಿಸಿ, ಫೋಟೋ ತೆಗೆಸಿಕೊಂಡು ಬರುವುದನ್ನು ನಮ್ಮ ಹುಡುಗರು ಒಂದು ವಿಹಾರವೆಂದು ಭಾವಿಸುತ್ತಾರೆ. ಬಾಡಿಗೆಯ ಪಿಸ್ತೂಲನ್ನು ಕೈಯಲ್ಲಿ ಹಿಡಿಯುವುದೂ ಕಾನೂನಿನ ಕಣ್ಣಿನಲ್ಲಿ ಹೊಂದಿರುವುದೇ ಆಗುತ್ತದೆ. ಹತ್ತು ವರ್ಷ ಕಾದು ಪಡೆಯಬೇಕಾದ ಗ್ರೀನ್ ಕಾರ್ಡನ್ನು ಅರ್ಧ ಗಂಟೆಯ ಖುಷಿಗೆ ಪಣಕ್ಕಿಡುವುದು ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಗ್ರೀನ್ ಕಾರ್ಡ್ ಬಂದವರು ಮತ್ತು ಪೌರತ್ವ ಪಡೆದವರು, ಬೇರಾವ ನಿಷೇಧವೂ ಇಲ್ಲದಿದ್ದರೆ, ಫೆಡರಲ್ ಕಾನೂನಿನ ಮಟ್ಟಿಗೆ ಕೊಳ್ಳಬಹುದು. ಪರವಾನಗಿ ಪಡೆದ ವ್ಯಾಪಾರಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕೆಂಬುದು ಬಹುಕಾಲದಿಂದ ಇರುವ ಫೆಡರಲ್ ನಿಯಮ. ಅಂಗಡಿಯಲ್ಲಿ 4473 ಎಂಬ ನಮೂನೆಯನ್ನು ತುಂಬಬೇಕು. ಪೌರರಲ್ಲದವರು ಅದರಲ್ಲಿ ತಮ್ಮ ವಲಸೆ ದಾಖಲೆಯ ಸಂಖ್ಯೆಯನ್ನೂ ಬರೆಯಬೇಕು. ಕೌಟುಂಬಿಕ ಹಿಂಸೆಯ ಸಣ್ಣ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೂ, ಗಾಂಜಾ ಸೇವಿಸುತ್ತಿದ್ದರೂ ನಿಮಗೆ ಕೊಳ್ಳುವ ಹಕ್ಕು ಇರುವುದಿಲ್ಲ. ಗಾಂಜಾಕ್ಕೆ ನಿಮ್ಮ ರಾಜ್ಯದಲ್ಲಿ ಅನುಮತಿ ಇದೆಯೆಂಬ ಮಾತನ್ನು ಆ ನಮೂನೆ ಒಪ್ಪುವುದಿಲ್ಲ. ಆ ಕಾಗದದಲ್ಲಿ ಸುಳ್ಳು ಬರೆಯುವುದೇ ಒಂದು ಪ್ರತ್ಯೇಕ ಅಪರಾಧ.

ಒಯ್ಯುವ ಹಕ್ಕು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಶೇಷ ಕಾರಣವನ್ನು ಸಾಬೀತುಪಡಿಸಿದವರಿಗೆ ಮಾತ್ರ ಪರವಾನಗಿ ಎಂಬ ಪದ್ಧತಿಯನ್ನು ರದ್ದು ಮಾಡಿದ ಮೇಲೆ, ಕ್ಯಾಲಿಫೋರ್ನಿಯ, ನ್ಯೂ ಜೆರ್ಸಿಯಂಥ ಬಿಗಿ ರಾಜ್ಯಗಳಲ್ಲೂ ಸಾಮಾನ್ಯರಿಗೆ ಪರವಾನಗಿಯ ದಾರಿ ತೆರೆದಿದೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ನಿಷೇಧಕ್ಕೊಳಪಡದ ವಯಸ್ಕರು ಪರವಾನಗಿ ಇಲ್ಲದೆಯೂ ಕೈಬಂದೂಕನ್ನು ಒಯ್ಯಬಹುದು. ಹಾಗಿದ್ದರೂ ತರಗತಿಗೆ ಹೋಗಿ ಪರವಾನಗಿಯನ್ನು ಪಡೆದುಕೊಳ್ಳಿ ಎಂದೇ ನನ್ನ ಸಲಹೆ. ಶಾಲೆಯ ಸುತ್ತಲಿನ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಅದರಿಂದ ವಿನಾಯಿತಿ ಸಿಗುವುದು ಆ ರಾಜ್ಯವೇ ಕೊಟ್ಟ ಪರವಾನಗಿ ಉಳ್ಳವರಿಗೆ. ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವ ತಾಯಿತಂದೆಯರು ದಿನಕ್ಕೆ ಎರಡು ಸಲ ಆ ಗೆರೆಯನ್ನು ದಾಟುತ್ತಾರೆ.

ಆ ವಿನಾಯಿತಿ ಶಾಲೆಯ ಕಟ್ಟಡದೊಳಗೆ ಒಯ್ಯಲು ಕೊಟ್ಟ ಅನುಮತಿಯಲ್ಲ ಎಂಬುದನ್ನೂ ಗಮನಿಸಿ. ನಮ್ಮ ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳು ನಡೆಯುವುದು ಬಹುಪಾಲು ಬಾಡಿಗೆಗೆ ಪಡೆದ ಶಾಲೆಗಳ ಸಭಾಂಗಣಗಳಲ್ಲಿ; ಭಾನುವಾರದ ಕನ್ನಡ ತರಗತಿಗಳೂ ಎಷ್ಟೋ ಕಡೆ ಅಲ್ಲಿಯೇ. ಅಂಚೆ ಕಚೇರಿಗೂ ಒಯ್ಯುವಂತಿಲ್ಲ. ಟೆಕ್ಸಾಸಿನ ದೇವಸ್ಥಾನಗಳಲ್ಲಿ, ಅಂಗಡಿಗಳಲ್ಲಿ ಕಾನೂನು ಗೊತ್ತುಮಾಡಿದ ನಮೂನೆಯ ಫಲಕ ಹಾಕಿದ್ದರೆ ಒಳಗೆ ಒಯ್ಯುವುದು ಅಪರಾಧವಾಗುತ್ತದೆ. ಆದ್ದರಿಂದ ನೀವು ಕೊಳ್ಳಬೇಕಾದ ಸಾಮಾನಿನ ಪಟ್ಟಿಯಲ್ಲಿ, ಕಾರಿನ ಸೀಟಿನ ಬುಡಕ್ಕೆ ಉಕ್ಕಿನ ತಂತಿಯಿಂದ ಬಿಗಿಯಬಲ್ಲ ಬೀಗದ ಪೆಟ್ಟಿಗೆಯೊಂದು ಪಿಸ್ತೂಲಿಗಿಂತ ಮೊದಲೇ ಇರಲಿ.

ಅಡಗಿಸಲು ಕಷ್ಟವಾಗುವುದು ಹಿಡಿ, ನಳಿಕೆಯಲ್ಲ

ಹೊಸಬರು ನಳಿಕೆಯ ಉದ್ದವನ್ನು ನೋಡಿ ಪಿಸ್ತೂಲು ಚಿಕ್ಕದೋ ದೊಡ್ಡದೋ ಎಂದು ಅಳೆಯುತ್ತಾರೆ. ವಾಸ್ತವದಲ್ಲಿ ನಳಿಕೆ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ. ಬಗ್ಗಿದಾಗ ಅಂಗಿಯನ್ನು ಹಿಂದಕ್ಕೆ ಎತ್ತಿ ತನ್ನ ಇರವನ್ನು ಸಾರುವುದು ಬೆಲ್ಟಿನ ಮೇಲೆ ಉಳಿಯುವ ಹಿಡಿ. ಗ್ಲಾಕ್ ಕಂಪನಿಯ 43ಎಕ್ಸ್ ಮತ್ತು 48 ಎಂಬ ಎರಡು ಮಾದರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡರ ಹಿಡಿಯೂ ಒಂದೇ; 48ರ ನಳಿಕೆ ಮಾತ್ರ ಮುಕ್ಕಾಲು ಅಂಗುಲದಷ್ಟು ಉದ್ದ. ಅಂಗಿಯ ಕೆಳಗೆ ಎರಡೂ ಒಂದೇ ರೀತಿ ಅಡಗುತ್ತವೆ, ಆದರೆ ಉದ್ದನೆಯದು ಕೈಯಲ್ಲಿ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ. ಅಂದರೆ ಮರೆಮಾಚುವ ಸಲುವಾಗಿ ಕಡಿಮೆ ಮಾಡಬೇಕಾದದ್ದು ಹಿಡಿಯ ಎತ್ತರವನ್ನು ಮತ್ತು ದಪ್ಪವನ್ನು. ನಳಿಕೆಯನ್ನು ಮೊಟಕುಗೊಳಿಸಿಕೊಂಡು ಗುರಿಯ ನಿಖರತೆಯನ್ನು ಸುಮ್ಮನೆ ಕಳೆದುಕೊಳ್ಳಬೇಕಾಗಿಲ್ಲ.

ಹಿಡಿಯನ್ನು ಎಷ್ಟರವರೆಗೆ ಚಿಕ್ಕದು ಮಾಡಬಹುದು? ಕಿರುಬೆರಳು ಹಿಡಿಯ ಮೇಲೆ ನಿಲ್ಲದೆ ಕೆಳಗೆ ಜೋತುಬಿದ್ದರೆ ಕೈಯ ಬಿಗಿ ಬಹಳ ಕುಗ್ಗುತ್ತದೆ, ಪ್ರತಿ ಗುಂಡಿನ ನಂತರವೂ ಪಿಸ್ತೂಲು ಅಂಗೈಯಲ್ಲಿ ಜರುಗುತ್ತದೆ. 2018ರಲ್ಲಿ ಸಿಗ್ ಸೌಯರ್ ಕಂಪನಿಯ ಪಿ365 ಬಂದ ಮೇಲೆ ಈ ಲೆಕ್ಕಾಚಾರವೇ ಬದಲಾಯಿತು. ಅದಕ್ಕಿಂತ ಮುಂಚೆ, 2015ರ ಗ್ಲಾಕ್ 43ರಂಥ ತೆಳ್ಳನೆಯ 9 ಎಂಎಂ ಪಿಸ್ತೂಲುಗಳಲ್ಲಿ ಆರು ಗುಂಡು ಹಿಡಿಯುತ್ತಿದ್ದವು. ಪಿ365 ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ, ಹಿಡಿಯೊಳಗೆ ಸೇರಿಸುವ ಗುಂಡಿನ ಡಬ್ಬಿಯಾದ ಮ್ಯಾಗಝೀನಿಗೆ ಹತ್ತು ಗುಂಡುಗಳನ್ನು ಕೂರಿಸಿತು. 2019ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಂಪನಿಯ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಶೀಲ್ಡ್ ಪ್ಲಸ್ ಅದೇ ಹಾದಿಯಲ್ಲಿ ಬಂದವು. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದಕ್ಕೆ ಕೊನೆಯಿಲ್ಲ. ನಿಮ್ಮ ಅಂಗೈಗೆ ಯಾವುದರ ಹಿಡಿ ಒಪ್ಪುತ್ತದೆಂಬುದೇ ಮುಖ್ಯವಾಗಿ ನೋಡಬೇಕಾದದ್ದು.

ತೂಕದ ವಿಷಯಕ್ಕೆ ಬಂದರೆ, ಒಂದೇ ಬಗೆಯ ಗುಂಡನ್ನು ಹಾರಿಸುವ ಎರಡು ಪಿಸ್ತೂಲುಗಳಲ್ಲಿ ಹಗುರವಾದದ್ದೇ ಹೆಚ್ಚು ಜೋರಾಗಿ ಒದೆಯುತ್ತದೆ. ಗುಂಡು ಮುಂದಕ್ಕೆ ಹೊತ್ತೊಯ್ಯುವ ಸಂವೇಗವೇ ಹಿಂದಕ್ಕೂ ಬರಬೇಕಾದ್ದರಿಂದ, ತೂಕ ಕಡಿಮೆಯಾದಷ್ಟೂ ಪಿಸ್ತೂಲು ಹಿಂದಕ್ಕೆ ನೆಗೆಯುವ ವೇಗ ಹೆಚ್ಚುತ್ತದೆ. ಮಧ್ಯಮ ಗಾತ್ರದ ಗ್ಲಾಕ್ 19 ಸುಮಾರು 670 ಗ್ರಾಂ ತೂಗಿದರೆ ಪಿ365 ಸುಮಾರು 500 ಗ್ರಾಂ ತೂಗುತ್ತದೆ, ರೂಗರ್ ಕಂಪನಿಯ .380 ಎಲ್‌ಸಿಪಿ 300 ಗ್ರಾಮಿಗೂ ಕಡಿಮೆ. ಗುಂಡು ತುಂಬಿದ ಮೇಲೆ ಇವೆಲ್ಲದರ ತೂಕವೂ ಏರುತ್ತದೆ. ಆ 300 ಗ್ರಾಮಿನ ಹಗುರ ಕಿಸೆಗೆ ಹಿತವಾದರೂ ಕೈಗೆ ಹಿತವಾಗುವುದಿಲ್ಲ. ಅದರ ಮೇಲೆ, ಅಷ್ಟು ಮೋಟಾದ ಪಿಸ್ತೂಲಿನ ಗುರಿ ನೋಡುವ ಹಿಂದಿನ ಮತ್ತು ಮುಂದಿನ ಸೈಟುಗಳ ನಡುವಿನ ಅಂತರ ಕಿರಿದಾಗಿರುವುದರಿಂದ, ಕೈ ಕೂದಲೆಳೆಯಷ್ಟು ತಪ್ಪಿದರೂ ಗುರಿಯಲ್ಲಿ ಅಂಗುಲಗಟ್ಟಲೆ ವ್ಯತ್ಯಾಸ ಕಾಣುತ್ತದೆ. ಅನುಭವಿಗಳು ಎರಡನೆಯ ಪಿಸ್ತೂಲಾಗಿ ಇಂಥದನ್ನು ಕೊಳ್ಳುವುದುಂಟು. ಮೊದಲನೆಯದಾಗಿ ಕೊಳ್ಳಬೇಡಿ.

ರಿವಾಲ್ವರೋ ಪಿಸ್ತೂಲೋ

ಊರಿನಲ್ಲಿ ಲೈಸೆನ್ಸಿನ .32 ರಿವಾಲ್ವರನ್ನು ಕಂಡು ಬೆಳೆದವರಿಗೆ ರಿವಾಲ್ವರಿನ ಮೇಲೆ ಒಂದು ನಂಬಿಕೆ ಇರುತ್ತದೆ. ಇಲ್ಲಿಯೂ ಸ್ಮಿತ್ ಆ್ಯಂಡ್ ವೆಸನ್ 642, ರೂಗರ್ ಎಲ್‌ಸಿಆರ್‌ನಂಥ .38 ಸ್ಪೆಷಲ್ ಗುಂಡಿನ, ಐದು ಗುಂಡು ಕೂರುವ, 400 ಗ್ರಾಮಿನ ಆಸುಪಾಸಿನ ಪುಟ್ಟ ರಿವಾಲ್ವರುಗಳು ಇವತ್ತಿಗೂ ಮಾರಾಟವಾಗುತ್ತಿವೆ. ಅವುಗಳಿಗೆ ನಿಜವಾದ ಗುಣಗಳಿವೆ: ಮ್ಯಾಗಝೀನಿನ ಸ್ಪ್ರಿಂಗು, ನಳಿಕೆಯ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡು ಇವುಗಳ ತಾಪತ್ರಯವಿಲ್ಲ, ಗುಂಡು ಸಿಡಿಯದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಕೋಟಿನ ಕಿಸೆಯಲ್ಲಿ ಒರೆಯ, ಅಂದರೆ ಹೋಲ್‌ಸ್ಟರಿನ ಸಮೇತ ಸರಾಗವಾಗಿ ಕೂರುತ್ತವೆ. ಆದರೆ ಅವುಗಳ ಟ್ರಿಗರ್ ಎಳೆಯಲು ಸುಮಾರು 5 ಕಿಲೋ ಬಲ ಬೇಕು, ಆ ಎಳೆತವೂ ಉದ್ದ. ಆ ಉದ್ದ ಎಳೆತವೇ ಅಚಾತುರ್ಯದಿಂದ ಗುಂಡು ಹಾರದಂತೆ ಕಾಯುತ್ತದೆ, ಅದೇ ಎಳೆತವೇ ಹೊಸಬರ ಗುರಿಯನ್ನೂ ಕೆಡಿಸುತ್ತದೆ. ಅಂಗಡಿಯವರು ನನ್ನ ಹೆಂಡತಿಗೆ, ಹೆಂಗಸರಿಗೆ ಸುಲಭವೆಂದು ಹೇಳಿ ಇಂಥದೊಂದು ಹಗುರ ರಿವಾಲ್ವರನ್ನು ಮುಂದಿಟ್ಟರು. ಅವಳು ಅಲ್ಲಿಯೇ ಖಾಲಿ ರಿವಾಲ್ವರಿನ ಟ್ರಿಗರನ್ನು ಎರಡು ಸಲ ಎಳೆದು ನೋಡಿ, ಮೂರನೆಯ ಸಲಕ್ಕೆ ಎರಡು ಬೆರಳು ಬೇಕಾಗುತ್ತದೆಂದು ಹೇಳಿ ವಾಪಸು ಕೊಟ್ಟಳು. ಅವಳ ತೀರ್ಮಾನವೇ ಸರಿಯಾಗಿತ್ತು.

ಕೈಯ ಬಲ ಕಡಿಮೆ ಇರುವವರಿಗೆ, ಸಂಧಿವಾತದಿಂದ ಬೆರಳುಗಳು ಬಿಗಿಯುವ ಹಿರಿಯರಿಗೆ ಪಿಸ್ತೂಲಿನಲ್ಲಿ ಕಷ್ಟವಾಗುವುದು ಸ್ಲೈಡನ್ನು ಹಿಂದಕ್ಕೆಳೆಯುವುದು. 2018ರಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ .380 ಶೀಲ್ಡ್ ಈಝೀ ಮಾದರಿಯನ್ನು ಇಂಥವರಿಗಾಗಿಯೇ ರೂಪಿಸಲಾಗಿದೆ. ಸ್ಲೈಡು ಮೃದುವಾಗಿ ಜಾರುತ್ತದೆ, ಮ್ಯಾಗಝೀನಿಗೆ ಗುಂಡು ತುಂಬುವುದೂ ಸಲೀಸು. ಗಾತ್ರ ತುಸು ಹೆಚ್ಚು, ಗುಂಡಿನ ಬಲ ತುಸು ಕಡಿಮೆ. ಆದರೆ ನಿಭಾಯಿಸಲಾಗದ 9 ಎಂಎಂಗಿಂತ ಹಿಡಿತಕ್ಕೆ ಬಗ್ಗುವ .380 ಮೇಲು. ಒಂದು ಮಾತು ಮಾತ್ರ: ಸ್ಲೈಡು ಎಳೆಯಲಾಗದೆ ಸೋಲುವವರಲ್ಲಿ ಹಲವರಿಗೆ ಕೊರತೆ ಬಲದ್ದಲ್ಲ, ವಿಧಾನದ್ದು. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಇಟ್ಟು, ಸ್ಲೈಡನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಎಷ್ಟೋ ಜನರಿಗೆ ಅದು ಒಲಿಯುತ್ತದೆ. ಇದನ್ನು ತರಬೇತುದಾರರಿಂದ ಒಮ್ಮೆ ಕಲಿತುಕೊಂಡು ಆಮೇಲೆ ಮಾದರಿಯನ್ನು ತೀರ್ಮಾನಿಸಿ.

ಗುಂಡಿನ ಗಾತ್ರದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಕೈ ತಡೆಯುವುದಾದರೆ 9 ಎಂಎಂ, ಅಭ್ಯಾಸದ ಗುಂಡು .380ಗಿಂತಲೂ .38 ಸ್ಪೆಷಲ್‌ಗಿಂತಲೂ ಅಗ್ಗವಾಗಿ ಸಿಗುವುದು ಅದಕ್ಕೇ. ಅಮೆರಿಕದ ಎಫ್‌ಬಿಐ ಸಂಸ್ಥೆಯೂ .40 ಗುಂಡನ್ನು ಬಿಟ್ಟು 9 ಎಂಎಂಗೆ ಮರಳಿತು. ಅಭ್ಯಾಸಕ್ಕೆ ಸಾದಾ ಗುಂಡು, ಮೈಮೇಲೆ ಒಯ್ಯುವಾಗ ತುದಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್ ಗುಂಡು ಎಂಬುದು ಇಲ್ಲಿಯ ರೂಢಿ. ಎರಡನೆಯದು ತಾಗಿದಾಗ ಅರಳಿ ವೇಗ ಕಳೆದುಕೊಳ್ಳುವುದರಿಂದ ದಾಟಿ ಹೋಗಿ ಹಿಂದಿರುವವರಿಗೆ ತಗಲುವ ಸಂಭವ ಕಡಿಮೆ. ಮೂರು ಅಂಗುಲದ ನಳಿಕೆಯಲ್ಲಿ ಗುಂಡಿನ ವೇಗ ತಗ್ಗುವುದರಿಂದ ಮೋಟು ನಳಿಕೆಗೆಂದೇ ಮಾಡಿದ ಗುಂಡನ್ನು ಆರಿಸಿ. ನ್ಯೂ ಜೆರ್ಸಿಯಲ್ಲಿ ಹಾಲೋ ಪಾಯಿಂಟಿನ ಮೇಲೆ ವಿಶೇಷ ನಿರ್ಬಂಧಗಳಿವೆ, ಅಲ್ಲಿಯೂ ಕ್ಯಾಲಿಫೋರ್ನಿಯ ಮತ್ತು ನ್ಯೂಯಾರ್ಕಿನಲ್ಲಿಯೂ ಹತ್ತು ಗುಂಡಿಗಿಂತ ದೊಡ್ಡ ಮ್ಯಾಗಝೀನಿಗೆ ನಿಷೇಧವಿದೆ. ಆ ಕಡೆ ವರ್ಗವಾಗುವ ಸಂಭವ ಇರುವವರು ಹತ್ತು ಗುಂಡಿನ ಮ್ಯಾಗಝೀನು ಸಿಗುವ ಮಾದರಿಯನ್ನೇ ಕೊಳ್ಳುವುದು ಜಾಣತನ.

ಹೋಲ್‌ಸ್ಟರು, ಬೆಲ್ಟು, ಉಡುಪು

ಐದಾರು ನೂರು ಡಾಲರಿನ ಪಿಸ್ತೂಲನ್ನು ಕೊಂಡು ಹದಿನೈದು ಡಾಲರಿನ ಬಟ್ಟೆಯ ಚೀಲದಲ್ಲಿ ಸಿಕ್ಕಿಸಿಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೋಲ್‌ಸ್ಟರು ಮಾಡಬೇಕಾದ ಮೊದಲ ಕೆಲಸ ಟ್ರಿಗರಿನ ಸುತ್ತಲಿನ ಬಳೆಯನ್ನು ಗಟ್ಟಿಯಾದ ಗೋಡೆಯಿಂದ ಪೂರ್ತಿ ಮುಚ್ಚುವುದು. ಎರಡನೆಯದು ಓಡಿದರೂ ಬಗ್ಗಿದರೂ ಪಿಸ್ತೂಲನ್ನು ಬಿಡದೆ ಹಿಡಿದಿರುವುದು. ಮೂರನೆಯದು ಪಿಸ್ತೂಲನ್ನು ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳದೆ ತೆರೆದಿರುವುದು. ಕೈಡೆಕ್ಸ್ ಎಂಬ ಗಡಸು ಪ್ಲಾಸ್ಟಿಕ್ಕಿನಲ್ಲಿ ಆಯಾ ಮಾದರಿಗೆ ಅಚ್ಚುಹಾಕಿದ ಹೋಲ್‌ಸ್ಟರುಗಳು ಈ ಮೂರನ್ನೂ ಮಾಡುತ್ತವೆ. ಇಂದಿನ ಬಹುಪಾಲು ಪಿಸ್ತೂಲುಗಳಿಗೆ ಗುಂಡು ಹಾರದಂತೆ ತಡೆಯುವ ಬೇರೆ ಸೇಫ್ಟಿ ಕೀಲಿ ಇರುವುದಿಲ್ಲ. ಟ್ರಿಗರಿಗೆ ಏನೂ ತಾಗದಿರುವುದೇ ಅವುಗಳ ಸುರಕ್ಷತೆ. ಪಿಸ್ತೂಲನ್ನು ಮರಳಿ ಒಳಗಿಡುವಾಗ ಅಂಗಿಯ ತುದಿ, ಜಾಕೆಟ್ಟಿನ ದಾರ ಆ ಬಳೆಯೊಳಗೆ ಸಿಕ್ಕಿಕೊಂಡರೆ ಗುಂಡು ನಿಮ್ಮ ತೊಡೆಯನ್ನೇ ಹೊಕ್ಕೀತು. ಒಳಗಿಡಲು ಅವಸರವೇ ಬೇಡ, ಕಣ್ಣಿನಿಂದ ನೋಡಿಕೊಂಡೇ ಇಡಿ. ಸೇಫ್ಟಿ ಕೀಲಿ ಇದ್ದರೆ ಮನಸ್ಸಿಗೆ ನೆಮ್ಮದಿ ಎನ್ನುವವರು ಶೀಲ್ಡ್ ಪ್ಲಸ್, ಪಿ365 ಮಾದರಿಗಳಲ್ಲಿ ಕೀಲಿ ಇರುವುದನ್ನೇ ಕೇಳಿ ಪಡೆಯಬಹುದು. ಆಗ ತೆಗೆಯುವಾಗಲೆಲ್ಲ ಕೀಲಿಯನ್ನು ಇಳಿಸುವ ಅಭ್ಯಾಸವನ್ನು ಸಾವಿರ ಸಲ ಮಾಡಬೇಕು.

ಗಟ್ಟಿ ಬೆಲ್ಟು ಇಲ್ಲದಿದ್ದರೆ ಯಾವ ಹೋಲ್‌ಸ್ಟರೂ ನಿಲ್ಲುವುದಿಲ್ಲ. ಸೊಂಟದ ಅಳತೆಯಲ್ಲಿ ಒಂದೆರಡು ಅಂಗುಲ ಸಡಿಲವಿರುವ ಪ್ಯಾಂಟು, ಮೈಗೆ ಅಂಟದ ಅಂಗಿ ಗಂಡಸರಿಗೆ ಸಾಕು. ಹೆಂಗಸರ ಉಡುಪಿನ ಮಾತು ಬೇರೆ. ಉದ್ದನೆಯ ಕುರ್ತಾ ಪಿಸ್ತೂಲನ್ನು ಚೆನ್ನಾಗಿ ಮರೆಮಾಡುತ್ತದೆ, ಆದರೆ ಅಷ್ಟು ಬಟ್ಟೆಯನ್ನು ಎತ್ತಿ ಕೈಹಾಕಲು ಹೊತ್ತು ಹಿಡಿಯುತ್ತದೆ. ಪಕ್ಕದ ಸೀಳು ಸೊಂಟದವರೆಗೆ ಇರುವ ಕುರ್ತಾವನ್ನು ಜೀನ್ಸಿನ ಮೇಲೆ ತೊಟ್ಟರೆ ಈ ತೊಡಕು ಕಡಿಮೆಯಾಗುತ್ತದೆ. ಹೊಟ್ಟೆಗೆ ಸುತ್ತುವ ಅಗಲ ಪಟ್ಟಿಗಳನ್ನು ಕೊಳ್ಳುವುದಾದರೆ ಟ್ರಿಗರನ್ನು ಮುಚ್ಚುವ ಗಡಸು ಕವಚ ಅದರೊಳಗೆ ಇರುವುದನ್ನೇ ಕೊಳ್ಳಿ. ಸೀರೆಯ ದಿನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲಿಯೇ ಇರಲಿ ಎಂಬುದು ನಮ್ಮ ಮನೆಯ ನಿಯಮ. ಮದ್ಯ ಇರುವ ಕೂಟಕ್ಕೆ ಹೋಗುವ ದಿನವೂ ಹಾಗೆಯೇ.

ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. 2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ಹೇಡನ್ ಪಟ್ಟಣದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಬ್ಯಾಗಿನೊಳಕ್ಕೆ ಕೈಹಾಕಿ, ಸಿಕ್ಕಿದ ಪಿಸ್ತೂಲಿನ ಟ್ರಿಗರ್ ಎಳೆದು, ತಾಯಿ ಅಲ್ಲಿಯೇ ಸತ್ತಳು. ಆ ಬ್ಯಾಗು ಪಿಸ್ತೂಲು ಇಡಲೆಂದೇ ಮಾಡಿದ ಬ್ಯಾಗು. ಮೈಗೆ ಬಿಗಿಯದ ಪಿಸ್ತೂಲು ಯಾವುದೋ ಒಂದು ಕ್ಷಣ ನಿಮ್ಮ ಗಮನದಿಂದ ಜಾರಿಯೇ ಜಾರುತ್ತದೆ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಅರ್ಹತೆ ಇರುವವರು ಎರಡು ಮೂರು ಮಾದರಿಗಳನ್ನು ರೇಂಜಿನಲ್ಲಿ ಬಾಡಿಗೆಗೆ ಪಡೆದು ಒಂದೇ ದಿನ ಒಂದೊಂದರಲ್ಲೂ ಐವತ್ತು ಗುಂಡು ಹಾರಿಸಿ ನೋಡಬೇಕು. ಹಿಡಿಯ ಮೇಲ್ತುದಿಯವರೆಗೂ ಅಂಗೈ ಏರುತ್ತದೆಯೇ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ತಾನಾಗಿ ಕೂರುತ್ತದೆಯೇ, ಮ್ಯಾಗಝೀನನ್ನು ಬಿಡಿಸುವ ಒತ್ತುಗುಂಡಿಯನ್ನು ಹೆಬ್ಬೆರಳು ಮುಟ್ಟುತ್ತದೆಯೇ ಎಂದು ಗಮನಿಸಿ. ಏಳು ಗಜ ದೂರದಲ್ಲಿ ಅಂಗೈಯಗಲದ ವೃತ್ತದೊಳಗೆ ಐದು ಗುಂಡುಗಳು ನಿಧಾನವಾಗಿಯಾದರೂ ಕೂರುತ್ತಿದ್ದರೆ ಆ ಪಿಸ್ತೂಲು ನಿಮಗೆ ಒಗ್ಗೀತು. ಕೊನೆಯ ಹತ್ತು ಗುಂಡುಗಳ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ, ಬೆರಳು ಹಿಂಜರಿಯುತ್ತಿದ್ದರೆ ಒಂದು ಅಳತೆ ದೊಡ್ಡದಕ್ಕೆ ಹೋಗಿ. ಕೊಂಡ ಮೇಲೆ ಅಭ್ಯಾಸದ ಗುಂಡು ಇನ್ನೂರು, ಒಯ್ಯುವ ಗುಂಡು ಐವತ್ತು ತಡೆಯಿಲ್ಲದೆ ಹಾರುವವರೆಗೂ ನಾನು ಅದನ್ನು ಸೊಂಟಕ್ಕೆ ಸಿಕ್ಕಿಸುವುದಿಲ್ಲ. ಚಿಕ್ಕ ಪಿಸ್ತೂಲುಗಳು ಸಡಿಲ ಹಿಡಿತವನ್ನು ಸಹಿಸುವುದಿಲ್ಲ, ಸ್ಲೈಡು ಪೂರ್ತಿ ಹಿಂದಕ್ಕೆ ಬಾರದೆ ಗುಂಡು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ಪರೀಕ್ಷೆ ಪಿಸ್ತೂಲಿಗೆ ಎಷ್ಟೋ ನಿಮ್ಮ ಕೈಗೂ ಅಷ್ಟೇ.

ಖರ್ಚನ್ನು ಲೆಕ್ಕ ಹಾಕುವಾಗ ಪಿಸ್ತೂಲಿನ ಬೆಲೆಯಷ್ಟೇ ಹಣವನ್ನು ತರಬೇತಿಗೆ, ಗುಂಡಿಗೆ, ಹೋಲ್‌ಸ್ಟರಿಗೆ ಎತ್ತಿಡಿ. ಕೆಂಪು ಚುಕ್ಕೆಯ ಸೈಟು, ದೀಪ ಮೊದಲಾದವು ಆಮೇಲಿನ ಮಾತು. ಹರಿಯುವ ರಕ್ತವನ್ನು ನಿಲ್ಲಿಸಲು ಕಟ್ಟುವ ಟೂರ್ನಿಕೆಟ್ ಪಟ್ಟಿ ಮತ್ತು ಅದನ್ನು ಕಟ್ಟುವ ಕಲಿಕೆ ಇವೆರಡೂ ಮೊದಲೇ ಇರಲಿ.

ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮನೆಯ ಕೋವಿ ಅಲ್ಲಿ ಎಲ್ಲರಿಗೂ ಕಾಣುವ, ಎಲ್ಲರೂ ಅಂಜಿಕೆಯಿಂದ ಕಾಣುವ ವಸ್ತು. ಅಡಗಿಸಿ ಒಯ್ಯುವ ಪಿಸ್ತೂಲಿಗೆ ಆ ಕಾವಲು ಇಲ್ಲ. ಅದು ಸೊಂಟದಲ್ಲಿರಬೇಕು, ಇಲ್ಲವೇ ಬೀಗದೊಳಗಿರಬೇಕು. ದಿಂಬಿನ ಕೆಳಗೆ, ಬೀರುವಿನ ಮೇಲೆ, ಕಾರಿನ ಗ್ಲವ್ ಬಾಕ್ಸಿನಲ್ಲಿ ಎಂಬ ಮೂರನೆಯ ಜಾಗವೇ ಇಲ್ಲ. ಬೆರಳಚ್ಚಿಗಿಂತ ಗುಂಡಿ ಒತ್ತಿ ತೆರೆಯುವ ಸಂಖ್ಯೆಬೀಗದ ಪೆಟ್ಟಿಗೆ ಹೆಚ್ಚು ನೆಚ್ಚಿಕೆಯದು ಎಂಬುದು ನನ್ನ ಅನುಭವ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ, ನೀವೇ ಆದರೂ, ಮನಸ್ಸು ಕುಗ್ಗಿರುವ ಕಾಲದಲ್ಲಿ ಪಿಸ್ತೂಲು ಆ ಮನೆಯೊಳಗೇ ಇರಬಾರದು. 988 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಮಾತನಾಡಲು ಒಬ್ಬರು ಸಿಗುತ್ತಾರೆ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಶೇಷ ಸಂದರ್ಭವಿದೆ. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಪ್ರವಾಸಿ ವೀಸಾದ ಮೇಲೆ ಬಂದು ಆರು ತಿಂಗಳು ಇರುತ್ತಾರೆ. ಅವರೂ ಮೊದಲು ಹೇಳಿದ ನಿಷೇಧದೊಳಗೆ ಬರುವವರೇ ಆದ್ದರಿಂದ, ಪಿಸ್ತೂಲಾಗಲಿ ಗುಂಡಾಗಲಿ ಅವರ ಕೈಗೆ ಎಟುಕುವಂತೆ ಇರಬಾರದು. ಪೆಟ್ಟಿಗೆಯ ಸಂಖ್ಯೆಯನ್ನೂ ಅವರಿಗೆ ಹೇಳಬಾರದು. ಗಂಡನಿಗೆ ಗ್ರೀನ್ ಕಾರ್ಡ್ ಬಂದು ಹೆಂಡತಿ ಇನ್ನೂ ವೀಸಾದಲ್ಲಿದ್ದರೆ, ಅಥವಾ ಹೆಂಡತಿಗೆ ಬಂದು ಗಂಡನಿಗೆ ಬಾರದಿದ್ದರೆ, ಅವರ ನಡುವೆಯೂ ಇದೇ ಎಚ್ಚರ ಬೇಕು.

ಇನ್ನು ಪ್ರಯಾಣ. ಟೆಕ್ಸಾಸಿನ ಪರವಾನಗಿಗೆ ಕ್ಯಾಲಿಫೋರ್ನಿಯದಲ್ಲಿ ಬೆಲೆಯಿಲ್ಲ. ರಾಜ್ಯದ ಗಡಿ ದಾಟುವ ಮುನ್ನ ನಿಮ್ಮ ಪರವಾನಗಿಯನ್ನು ಆ ರಾಜ್ಯ ಒಪ್ಪುತ್ತದೆಯೇ ಎಂಬುದನ್ನು ನೋಡಿಕೊಳ್ಳಲೇಬೇಕು. ದೇಶದೊಳಗಿನ ವಿಮಾನದಲ್ಲಾದರೆ ಪಿಸ್ತೂಲನ್ನು ಖಾಲಿ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೌಂಟರಿನಲ್ಲಿ ತಿಳಿಸಿ, ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು. ಭಾರತಕ್ಕೆ ಹೊರಟಾಗ ಪಿಸ್ತೂಲು ಇಲ್ಲಿಯೇ ಉಳಿಯುತ್ತದೆಂಬುದು ಎಲ್ಲರಿಗೂ ಗೊತ್ತು. ತೊಂದರೆ ಬರುವುದು ಮರೆತುಹೋದ ಒಂಟಿ ಗುಂಡಿನಿಂದ. ಅಭ್ಯಾಸಕ್ಕೆ ಒಯ್ದಿದ್ದ ಬೆನ್ನುಚೀಲದ ಮೂಲೆಯಲ್ಲಿ ಉಳಿದ ಒಂದು 9 ಎಂಎಂ ಗುಂಡು ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡರೆ 1959ರ ಆಯುಧ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು. ಅರಿವಿಲ್ಲದೆ ಉಳಿದದ್ದೆಂದು ನ್ಯಾಯಾಲಯ ಒಪ್ಪಿ ಬಿಟ್ಟರೂ, ಅಷ್ಟರಲ್ಲಿ ರಜೆ ಮುಗಿದು ಹಿಂದಿರುಗುವ ಟಿಕೇಟಿನ ದಿನವೂ ಕಳೆದಿರುತ್ತದೆ. ರೇಂಜಿಗೆ ಒಯ್ಯುವ ಚೀಲವನ್ನು ಬಣ್ಣದಿಂದಲೇ ಗುರುತು ಹಿಡಿಯುವಂತೆ ಬೇರೆ ಇಡಿ, ಆ ಚೀಲದಲ್ಲಿ ಮಕ್ಕಳ ಪುಸ್ತಕವಾಗಲಿ ಊರಿಗೆ ಒಯ್ಯುವ ಚಾಕಲೇಟಾಗಲಿ ಎಂದೂ ತುಂಬಬೇಡಿ, ಮತ್ತು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಎಲ್ಲ ಚೀಲಗಳನ್ನೂ ತಲೆಕೆಳಗು ಮಾಡಿ ಒಮ್ಮೆ ಕೊಡವಿ.